ನಲವತ್ತೇಳನೆಯ ಕಾರ್ಡು

"ನಿಲ್ಸಿ, ನಿಲ್ಸಿ! ಗೋಡೆಗೆ ತಾಗ್ತಿದೆ!"

ಎರಡನೆಯ ಮಹಡಿಯ ತಿರುವಿನಲ್ಲಿ ಶವದ ಪೆಟ್ಟಿಗೆ ಸಿಕ್ಕಿಕೊಂಡಿತು. ಕಾಲಿನ ಕಡೆ ಹಿಡಿದಿದ್ದ ಇಬ್ಬರು ಆಗಲೇ ನಾಲ್ಕು ಮೆಟ್ಟಿಲು ಇಳಿದಿದ್ದರು. ತಲೆಯ ಕಡೆ ಇನ್ನೊಬ್ಬನೊಂದಿಗೆ ಹಿಡಿದಿದ್ದ ತಮ್ಮ ಮಾತ್ರ ಹಿಂದಕ್ಕೂ ಹೋಗಲಾರದೆ, ಮುಂದಕ್ಕೂ ಬರಲಾರದೆ, ಮೆಟ್ಟಿಲ ಕಂಬಿಗೆ ಬೆನ್ನು ಕೊಟ್ಟು ಬೆವರುತ್ತಿದ್ದ. ಕೆಳಗಿನಿಂದ ಒಬ್ಬರು ಎಡಕ್ಕೆ ಎನ್ನುತ್ತಿದ್ದರು, ಮೇಲಿನಿಂದ ಒಬ್ಬರು ಬಲಕ್ಕೆ ಎನ್ನುತ್ತಿದ್ದರು. ಊರೆಲ್ಲ ಉಪದೇಶಿಗಳೇ, ಹೊರುವವರು ಮಾತ್ರ ನಾಲ್ಕೇ ಜನ.

"ನೆಟ್ಟಗೆ ನಿಲ್ಸ್ರಯ್ಯ," ಎಂದಿತು ಹಿಂದಿನಿಂದ ಒಂದು ಮುದಿ ದನಿ. "ಮಲಗೇ ಹೋಗ್ತೀನಿ ಅಂತ ಹಟ ಹಿಡಿಯೋಳಲ್ಲ ಅವಳು. ಜೀವಮಾನವೆಲ್ಲ ನಿಂತೇ ಕೆಲಸ ಮಾಡ್ದವಳು."

ಹೇಳಿದವಳು ಗೋಂದಮ್ಮ. ಜನ ಕೊಂಡು ಕೂಡಿಡುವ ಫುಟ್‌ಬಾಲ್ ಆಟಗಾರರ ಚಿತ್ರದ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಮೂವತ್ತೆಂಟು ವರ್ಷ ಪ್ಯಾಕೆಟ್ಟುಗಳ ಬಾಯಿಗೆ ಗೋಂದು ಹಚ್ಚಿದ್ದರಿಂದ ಆಕೆಗೆ ಆ ಹೆಸರು ಅಂಟಿ, ಬಿಡಲೇ ಇಲ್ಲ. ಪೆಟ್ಟಿಗೆಯಲ್ಲಿದ್ದವಳು ಅಷ್ಟೂ ವರ್ಷ ಅವಳ ಪಕ್ಕದಲ್ಲೇ ನಿಂತು ಆ ಪ್ಯಾಕೆಟ್ಟುಗಳನ್ನು ತುಂಬಿಸಿದವಳು. ತಮ್ಮನಿಗೆ ಒಡಹುಟ್ಟಿದ ಅಕ್ಕ, ಉಳಿದವರಿಗೆ ಸುಮ್ಮನೆ ಅಕ್ಕ.

ಮಾತು ಕೇಳಿ ಯಾರೋ ನಕ್ಕರು. ನಕ್ಕವರೇ ಕಣ್ಣೊರೆಸಿಕೊಂಡು ಪೆಟ್ಟಿಗೆಯನ್ನು ನಿಧಾನವಾಗಿ ಎತ್ತಿ ನಿಲ್ಲಿಸಿ, ತಿರುಗಿಸಿ, ಇಳಿಸಿದರು. ಗೋಡೆಯ ಸುಣ್ಣ ಒಂದು ಚೂರೂ ಉದುರಲಿಲ್ಲ.

ಪೆಟ್ಟಿಗೆ ಗಾಡಿಗೆ ಏರಿತು. "ಬಾಗಿಲು ಹಾಕ್ಕೊಂಡು ಬರ್ತೀನಿ," ಎಂದು ತಮ್ಮ ಮತ್ತೆ ಮೇಲೆ ಹತ್ತಿದ. ಬಾಗಿಲು ಹಾಕಿಯೇ ಇತ್ತು. ಅವನು ಅದನ್ನು ತೆರೆದು ಒಳಗೆ ಹೋಗಿ, ಅಕ್ಕನ ಮಂಚದ ಪಕ್ಕದ ಕಪಾಟಿನಿಂದ ಮೊದಲನೆಯ ಸರಣಿಯ ಆಲ್ಬಮ್ಮನ್ನು ಎಳೆದುಕೊಂಡ. ಪುಟ ತಿರುವಿ ಕಾರ್ಡುಗಳ ಅಂಕಿ ನೋಡುತ್ತ ಹೋದ.

ನಲವತ್ತನಾಲ್ಕು, ನಲವತ್ತೈದು, ನಲವತ್ತಾರು, ನಲವತ್ತೆಂಟು.

ನಲವತ್ತೇಳರ ಜಾಗದಲ್ಲಿ ಖಾಲಿ ಚೌಕ. ಐವತ್ತು ವರ್ಷ ಕಾರ್ಡು ಕೂತಿದ್ದ ಕಡೆ ಕಾಗದದ ಬಣ್ಣ ಮಾತ್ರ ಬೆಳ್ಳಗೆ ಉಳಿದಿತ್ತು.

"ಮಾಮ," ಎಂದಳು ಬಾಗಿಲಲ್ಲಿ ಅಕ್ಕನ ಮಗಳು. "ಗಾಡಿ ಹೊರಡ್ತಿದೆ."

ಅವನು ಆಲ್ಬಮ್ಮನ್ನು ಮುಚ್ಚಿದ. ಅವಳು ಅದನ್ನು ನೋಡಿದಳು, ಅವನ ಮುಖವನ್ನೂ ನೋಡಿದಳು, ಮೆಟ್ಟಿಲ ಕಡೆ ತಿರುಗಿದಳು. ಏನಾದರೂ ಕೇಳಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು.

*

ಅಕ್ಕ ಇಪ್ಪತ್ತನೆಯ ವಯಸ್ಸಿಗೆ ಪ್ರೆಸ್ಸು ಸೇರಿದಳು. ಆಗ ಪ್ಯಾಕೆಟ್ಟು ತುಂಬುವ ಯಂತ್ರ ಬಂದಿರಲಿಲ್ಲ. ಉದ್ದನೆಯ ಮೇಜಿನ ಮೇಲೆ ಫುಟ್‌ಬಾಲ್ ಆಟಗಾರರು ತಟ್ಟೆ ತಟ್ಟೆಯಾಗಿ ಬಂದು ಬೀಳುತ್ತಿದ್ದರು. ಒಬ್ಬನೇ ಎರಡು ಸಲ ಬಾರದಂತೆ ಎಂಟು ಜನರನ್ನು ಆರಿಸಿ, ತಟ್ಟಿ ಸಮ ಮಾಡಿ, ಪಕ್ಕಕ್ಕೆ ದಾಟಿಸಬೇಕು. ದಿನಕ್ಕೆ ಎರಡು ಸಾವಿರ ಪ್ಯಾಕೆಟ್ಟು. ಏಳೇ ಕಾರ್ಡು ಬಂದರೆ ಎಣಿಸದೆಯೇ ಅವಳ ಅಂಗೈಗೆ ಗೊತ್ತಾಗುತ್ತಿತ್ತು. "ಒಬ್ಬ ಕಡಿಮೆ ಇದ್ದಾನೆ," ಎನ್ನುತ್ತಿದ್ದಳು, ಮನೆಯಲ್ಲಿ ಊಟಕ್ಕೆ ಬಾರದವನನ್ನು ಕೇಳುವ ಹಾಗೆ.

ಹೀಗೆ ದಿನವೆಲ್ಲ ಕಾರ್ಡಿನಲ್ಲಿ ಮುಳುಗಿದವಳು ಸಂಜೆ ಮನೆಗೆ ಬರುವಾಗ ಮೂಲೆಯಂಗಡಿಯಲ್ಲಿ ದುಡ್ಡು ಕೊಟ್ಟು ಒಂದು ಪ್ಯಾಕೆಟ್ಟು ಕೊಳ್ಳುತ್ತಿದ್ದಳು. ಪ್ರೆಸ್ಸಿನವರಿಗೆಲ್ಲ ಅದೊಂದು ನಗೆಪಾಟಲು.

"ಹೊಳೆ ಪಕ್ಕ ಕೂತ್ಕೊಂಡು ನೀರು ಕೊಳ್ತೀಯಲ್ಲೇ!" ಎಂದು ಗೋಂದಮ್ಮ ಕೇಳಿದ್ದಳಂತೆ. "ಒಂದ್ ನಾಲ್ಕು ಜೇಬಿಗೆ ಹಾಕ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ?"

"ಮೇಜಿನ ಮೇಲಿರೋದು ಕೆಲಸ ಕಣೆ," ಎಂದಿದ್ದಳು ಅಕ್ಕ. "ಯಾರು ಎಲ್ಲಿಗೆ ಹೋಗ್ತಾನೆ ಅಂತ ನಂಗೇ ಗೊತ್ತಿರತ್ತೆ. ಅಂಗಡಿ ಪ್ಯಾಕೆಟ್ ಹರಿಯೋವಾಗ ಯಾರಿದ್ದಾರೋ ಗೊತ್ತಿರಲ್ಲ. ಅದೇ ಮಜಾ."

ಪ್ರೆಸ್ಸಿನಿಂದ ಒಂದು ಕಾರ್ಡನ್ನೂ ಅವಳು ಮನೆಗೆ ತಂದವಳಲ್ಲ. ನಲವತ್ತೇಳನೆಯದೂ ಅಂಗಡಿಯದೇ. ಮೊದಲ ಸರಣಿಯ ನಲವತ್ತೇಳು ಒಬ್ಬ ಹೊಸ ಗೋಲ್‌ಕೀಪರ್. ಮೂರನೆಯ ಪಂದ್ಯದಲ್ಲೇ ಮಂಡಿ ಚೂರಾಗಿ, ಅವನು ಮತ್ತೆ ಮೈದಾನಕ್ಕೆ ಇಳಿಯಲಿಲ್ಲ. ಆಡದವನ ಕಾರ್ಡು ಯಾರಿಗೆ ಬೇಕು ಎಂದು ಮಾಲೀಕರು ಅಚ್ಚಾದದ್ದನ್ನೆಲ್ಲ ರದ್ದಿಗೆ ಹಾಕಿಸಿದರು. ತಟ್ಟೆಗಳಿಂದ ಅವನನ್ನು ಆರಿಸಿ ಆರಿಸಿ ತೆಗೆದವಳೂ ಅಕ್ಕನೇ. ಅದಕ್ಕೂ ಮೊದಲೇ ಅಂಗಡಿ ಸೇರಿದ್ದ ಬೆರಳೆಣಿಕೆಯಷ್ಟು ಮಾತ್ರ ಪ್ರಪಂಚದಲ್ಲಿ ಉಳಿದವು.

ಅವಳ ಹತ್ತಿರ ಎಷ್ಟು ಕಾರ್ಡುಗಳಿದ್ದವು ಎಂದು ಅವಳು ಎಂದೂ ಲೆಕ್ಕ ಇಟ್ಟವಳಲ್ಲ. ಆದರೆ ಪ್ರತಿಯೊಂದರ ಹಿಂದೆಯೂ ಮೊಂಡು ಪೆನ್ಸಿಲ್ಲಿನಿಂದ ಒಂದೆರಡು ಸಾಲು ಬರೆದಿಡುತ್ತಿದ್ದಳು. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು, ಅವತ್ತು ಏನಾಯಿತು.

ತಮ್ಮನಿಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಅವನು ವಿಮಾ ಕಚೇರಿಯ ಕೆಲಸ ಬಿಟ್ಟು ಕಾರ್ಡಿನ ಅಂಗಡಿ ಇಟ್ಟವನು. ಬಿಳಿ ಕೈಗವಸು ಹಾಕಿಕೊಳ್ಳದೆ ಕಾರ್ಡು ಮುಟ್ಟುತ್ತಿರಲಿಲ್ಲ. ಒಂದೊಂದನ್ನೂ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಸಿ, ಬೆಲೆ ಏರುವ ತನಕ ಕತ್ತಲೆಯಲ್ಲಿಡುತ್ತಿದ್ದ.

"ಮುಟ್ಟಿದಷ್ಟೂ ಬೆಲೆ ಇಳಿಯತ್ತೆ ಅಕ್ಕ. ಗೀಚಿದ್ರಂತೂ ಮುಗೀತು."

"ಹಾಗಾದ್ರೆ ನಂದು ಸೊನ್ನೆ ಬಿಡು. ನಾನು ದಿನಾ ಮುಟ್ತೀನಿ."

ಅವನು ನೋಯಿಸಲೆಂದು ಹೇಳುತ್ತಿದ್ದ ಮಾತಲ್ಲ ಅದು, ವ್ಯಾಪಾರದ ಸತ್ಯ. ಅವಳೂ ವಾದಕ್ಕೆ ಹೇಳಿದ್ದಲ್ಲ. ಭಾನುವಾರದ ಬೆಳಿಗ್ಗೆ ಅವಳು ಕಟ್ಟಡದ ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿಯ ಮೇಜನ್ನು ಎಳೆದು, ಡಬ್ಬಿಗಳನ್ನು ತೆರೆದು ಕೂರುತ್ತಿದ್ದಳು. ಯಾರು ಬೇಕಾದರೂ ಬಂದು ಬದಲಿಸಿಕೊಳ್ಳಬಹುದು. ನಿಯಮ ಒಂದೇ: ಒಂದಕ್ಕೆ ಒಂದು. ಬೆಲೆಯ ಮಾತೆತ್ತಿದವರಿಗೆ ಆ ವಾರ ಬಟ್ಟೆ ಹಿಂಡುವ ಶಿಕ್ಷೆ.

*

ಮಣ್ಣು ಹಾಕುವಾಗ ತಮ್ಮ ತಲೆ ತಗ್ಗಿಸಿ ನಿಂತಿದ್ದ. ದುಃಖ ಇರಲಿಲ್ಲವೆಂದಲ್ಲ. ಆದರೆ ಅದರ ಮೇಲೆ ಒಂದು ಖಾಲಿ ಚೌಕ ಬಂದು ಕೂತಿತ್ತು. ಮಾರಿಬಿಟ್ಟಳೇ? ನನಗೆ ಹೇಳದೆ, ಬೇರೆ ಯಾವನೋ ವ್ಯಾಪಾರಿಗೆ? ಇಪ್ಪತ್ತು ವರ್ಷ ಕೇಳಿ ಕೇಳಿ, ನಾಲ್ಕು ವರ್ಷದ ಹಿಂದೆ ಬಿಟ್ಟಿದ್ದ ಅವನು. ಪ್ರತಿ ಸಲವೂ ಅವಳು, "ಇರಲಿ ಬಿಡೋ, ಪಾಪ, ಇಲ್ಲಾದ್ರೂ ಆಡ್ಲಿ," ಎಂದು ಆ ಗೋಲ್‌ಕೀಪರನನ್ನು ಆಲ್ಬಮ್ಮಿಗೆ ಮರಳಿಸಿದ್ದಳು. ಮೊನ್ನೆ ಅವಳು ತೀರಿಕೊಂಡ ಮರುಬೆಳಿಗ್ಗೆಯೇ ಅವನು ಒಬ್ಬ ದೊಡ್ಡ ಗಿರಾಕಿಗೆ ಫೋನು ಮಾಡಿ ಆ ಕಾರ್ಡಿಗೆ ಬೆಲೆ ಗೊತ್ತುಮಾಡಿದ್ದ. ಆತ ಇವತ್ತು ನಾಲ್ಕು ಗಂಟೆಗೆ ಬರುವವನಿದ್ದ. ಹೆಣ ಮನೆಯಲ್ಲಿರುವಾಗಲೇ ಮಾಡಿದ ಆ ಫೋನನ್ನು ನೆನೆದು ಅವನ ಕಿವಿ ಬಿಸಿಯಾಯಿತು.

ಸುತ್ತ ಜನ ಮಾತಾಡುತ್ತಿದ್ದರು. ಇಷ್ಟು ಜನರನ್ನು ಅವನು ನಿರೀಕ್ಷಿಸಿರಲಿಲ್ಲ.

"ನನಗೆ ಒಂದು ಸರಣೀಲಿ ಒಬ್ನೇ ಕಡಿಮೆ ಇದ್ದ," ಎನ್ನುತ್ತಿದ್ದ ಒಬ್ಬ ಬಸ್ಸಿನ ಚಾಲಕ. "ಹನ್ನೊಂದು ತಿಂಗಳು ಹುಡುಕಿದ್ರು. ಒಂದಿನ ನಾನು ಬಸ್ ನಿಲ್ಸ್ದಾಗ ಕಿಟಕಿಗೆ ಬಂದು, 'ಸಿಕ್ಕಿದ ಕಣಪ್ಪ ನಿಮ್ಮೋನು' ಅಂತ ಕೊಟ್ಟು ಹೋದ್ರು. ಬಸ್ಸು ಹತ್ತಲೂ ಇಲ್ಲ. ಅದಕ್ಕೇ ಬಂದಿದ್ರು."

"ನನ್ನ ಹೆಂಡ್ತಿ ಮನೆ ಬಿಟ್ಟು ಹೋದಾಗ," ಎಂದ ನಲ್ಲಿ ರಿಪೇರಿಯವನು, "ಆ ಮೇಜಿಗೆ ಹೋಗಿ ಕೂರ್ತಿದ್ದೆ. ಒಂದು ಮಾತು ಕೇಳ್ಲಿಲ್ಲ. ಡಬ್ಬಿ ಮುಂದೆ ಇಟ್ಟು, 'ಇವನ್ನ ಅಂಕಿ ಪ್ರಕಾರ ಜೋಡ್ಸಿ ಕೊಡು' ಅನ್ನೋರು. ಜೋಡ್ಸಿ ಕೊಡ್ತಿದ್ದೆ. ಮುಂದಿನ ವಾರ ಹೋದ್ರೆ ಮತ್ತೆ ಕಲಸಿ ಇಟ್ಟಿರೋರು."

"ಬೇಕೂಂತ್ಲೇ ಕಲಸ್ತಿದ್ಳು," ಎಂದಳು ಗೋಂದಮ್ಮ.

"ಗೊತ್ತಿತ್ತು," ಎಂದ ಅವನು.

ಗುಂಪಿನ ಹಿಂದೆ ಒಬ್ಬ ಹೆಂಗಸು ಕಪ್ಪು ಶಾಲು ಹೊದ್ದು ನಿಂತಿದ್ದಳು. ತಮ್ಮ ಆಕೆಯ ಗುರುತು ಹಿಡಿದವನೇ ಬೇರೆ ಕಡೆ ತಿರುಗಿದ.

*

ಆಕೆ ಬಟ್ಟೆ ಹೊಲಿಯುವವಳು. ಆರು ವರ್ಷದ ಹಿಂದೆ, ಗಂಡ ಸತ್ತ ತಿಂಗಳಿಗೆ, ಅವನ ನಾಲ್ಕು ಆಲ್ಬಮ್ಮುಗಳನ್ನು ಚೀಲದಲ್ಲಿ ಹಾಕಿಕೊಂಡು ತಮ್ಮನ ಅಂಗಡಿಗೆ ಬಂದಿದ್ದಳು. ಅವನು ಪುಟ ತಿರುಗಿಸಿದ. ಮೂರನೆಯದರಲ್ಲಿ ಎದೆ ಧಸಕ್ಕೆನ್ನುವಂಥ ಒಂದು ಕಾರ್ಡು ಇತ್ತು. ಮುಖದಲ್ಲಿ ಏನೂ ತೋರಿಸದೆ, "ಮೂಲೆ ಮಡಚಿದೆಯಮ್ಮ. ಅಂಚು ಸವೆದಿದೆ. ಈಗ ಇದನ್ನೆಲ್ಲ ಯಾರೂ ಕೇಳಲ್ಲ," ಎಂದ. ಹಳೆ ಪುಸ್ತಕದ ರೇಟಿಗಿಂತ ಒಂದಿಷ್ಟು ಹೆಚ್ಚು ಕೊಟ್ಟ. ಆಕೆ ಕೈಮುಗಿದು ಹೋದಳು. ಆ ಒಂದು ಕಾರ್ಡಿನಿಂದ ಅವನ ಅಂಗಡಿಗೆ ಹೊಸ ಗಾಜು, ಹೊಸ ಬಾಗಿಲು, ಹೊಸ ಫಲಕ ಬಂತು.

ಫಲಕ ಏರಿದ ದಿನ ಸುದ್ದಿ ತಿಳಿದು ಅಕ್ಕ ಬಂದಳು. ಒಳಗೆ ಬರಲಿಲ್ಲ. ಹೊಸ ಬಾಗಿಲನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಆಕೆಗೆ ಅದರ ಬೆಲೆ ಗೊತ್ತಿತ್ತೇನೋ?"

"ಅಕ್ಕ, ವ್ಯಾಪಾರ ಅಂದ್ರೇನೇ ಗೊತ್ತಿರೋನು ಗೊತ್ತಿಲ್ದೋನ ಹತ್ರ ಕೊಳ್ಳೋದು."

"ಗೊತ್ತಿತ್ತಾ ಅಂತ ಕೇಳ್ದೆ."

"ಇಲ್ಲ."

ಅವಳು ತಲೆಯಾಡಿಸಿ ಹೋದಳು. ಒಂದು ತಿಂಗಳು ಮುಖ ತೋರಿಸಲಿಲ್ಲ. ಆಮೇಲೆ ಒಂದು ಸಂಜೆ ಏನೂ ಆಗಿಲ್ಲವೆಂಬಂತೆ ಬಂದು, ಹೊಸ ಸರಣಿಯ ಪ್ಯಾಕೆಟ್ಟನ್ನು ಅವನ ಮೇಜಿನ ಮೇಲಿಟ್ಟು, "ಹರಿ ನೋಡೋಣ," ಎಂದಳು. ಮುಚ್ಚಿದ ಪ್ಯಾಕೆಟ್ಟಿಗೇ ಬೆಲೆ ಜಾಸ್ತಿ ಎಂದು ಅವನು ಹರಿಯಲಿಲ್ಲ. ಆ ಹೊಲಿಗೆಯವಳ ಮಾತು ಅವಳು ಮತ್ತೆಂದೂ ಎತ್ತಲಿಲ್ಲ.

*

ಮಣ್ಣು ಮುಗಿಸಿ ಬಂದವರಿಗೆಲ್ಲ ಗೋಂದಮ್ಮ ಚಹಾ ಮಾಡಿ ಕೊಟ್ಟಳು. ಎರಡು ಕೋಣೆಯ ಮನೆ, ಕುರ್ಚಿ ಸಾಲದೆ ಜನ ಮಂಚದ ಮೇಲೆ, ಹೊಸ್ತಿಲ ಮೇಲೆ ಕೂತರು. ಮೂರೂವರೆಯ ಹೊತ್ತಿಗೆ ಮನೆ ತೆಳ್ಳಗಾಯಿತು. ಹೊಲಿಗೆಯವಳು ಹೋಗುವಾಗ ತಮ್ಮನ ಮುಂದೆ ಒಂದು ಕ್ಷಣ ನಿಂತು, "ನಮ್ಮನೆಯವರು ಸತ್ತಾಗಿಂದ ಹಬ್ಬ ಹರಿದಿನ ಒಂದೂ ತಪ್ಪಿಸಿರಲಿಲ್ಲ ನಿಮ್ಮಕ್ಕ. ಬಂದು ಕೂತು ಹೋಗೋರು," ಎಂದಳು. ಅಷ್ಟು ಹೇಳಿ ಆಕೆ ಮೆಟ್ಟಿಲಿಳಿದಳು.

ಆಗಲೇ ಹೊಸ್ತಿಲ ಬಳಿ ಕೂತಿದ್ದ ಒಬ್ಬ ಮುದುಕರು ಎದ್ದು ಬಂದದ್ದು. ಎತ್ತರದ ಆಳು, ಕೈಯಲ್ಲಿ ಕೋಲು, ಬಲಗಾಲು ಮಡಚುತ್ತಿರಲಿಲ್ಲ. ಎಡಗಿವಿ ಬಾಗಿಲು ತೆರೆದ ಹಾಗೆ ಹೊರಕ್ಕೆ ಚಾಚಿತ್ತು.

"ನೀವು ಅವರ ತಮ್ಮ ಅಲ್ವಾ? ಒಂದು ನಿಮಿಷ ಮಾತಾಡ್ಬಹುದಾ?"

"ಹೇಳಿ. ನೀವು?"

"ನನ್ನ ಹೆಸರು ಹೇಳಿದ್ರೆ ನಿಮಗೆ ಗೊತ್ತಾಗಲ್ಲ. ನಿಮ್ಮಕ್ಕ ನನ್ನ ನಲವತ್ತೇಳು ಅಂತಾನೇ ಕರೀತಿದ್ರು."

ತಮ್ಮ ಚಹಾದ ಕಪ್ಪನ್ನು ಕೆಳಗಿಟ್ಟ.

ಮುದುಕರು ಅಂಗಿಯ ಒಳಜೇಬಿನಿಂದ ಮಡಿಚಿದ ಕರವಸ್ತ್ರ ತೆಗೆದು ಬಿಚ್ಚಿದರು. ಅದರೊಳಗೆ ಅವರೇ ಇದ್ದರು. ಇಪ್ಪತ್ತೆರಡು ವರ್ಷದ ಹುಡುಗ, ಹಳದಿ ಅಂಗಿ, ಹಾರಲು ಸಿದ್ಧವಾದ ಕೈಗಳು, ಹೊರಕ್ಕೆ ಚಾಚಿದ ಕಿವಿ.

"ಮೂರು ವರ್ಷದ ಹಿಂದೆ ಆಸ್ಪತ್ರೇಲಿ ಔಷಧಿ ಸಾಲಲ್ಲಿ ನಿಂತಿದ್ದೆ," ಎಂದರು ಅವರು. "ಮುಂದೆ ಇದ್ದ ಹೆಂಗಸು ತಿರುಗಿ ತಿರುಗಿ ನನ್ನ ಕಿವೀನೇ ನೋಡ್ತಿದ್ರು. ಆಮೇಲೆ, 'ನೀವು ನಲವತ್ತೇಳು ಅಲ್ವಾ?' ಅಂದ್ರು. ಇಲ್ಲಮ್ಮ, ನನ್ನ ಟೋಕನ್ನು ಅರವತ್ತೆರಡು ಅಂದೆ. ನಕ್ಕುಬಿಟ್ರು. ನಾನು ಆಡಿದ್ದು ಮೂರೇ ಪಂದ್ಯ ಸ್ವಾಮಿ. ಆಮೇಲೆ ಮೂವತ್ತು ವರ್ಷ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದೆ. ನಾನು ಆಡಿದ್ದೆ ಅಂತ ನನಗೇ ಮರೆತುಹೋಗಿತ್ತು. ನನ್ನ ಕಾರ್ಡು ಬಂದಿತ್ತು ಅಂತ್ಲೂ ಗೊತ್ತಿರಲಿಲ್ಲ. ಅದು ಬಂದಾಗ ನಾನು ಕಾಲಿಗೆ ಪಟ್ಟಿ ಹಾಕ್ಕೊಂಡು ಮಲಗಿದ್ದೆ, ಏಳೋ ಹೊತ್ತಿಗೆ ರದ್ದಿಗೆ ಹೋಗಿತ್ತು. ನಿಮ್ಮಕ್ಕ ಮುಂದಿನ ವಾರ ಮನೆ ಹುಡುಕ್ಕೊಂಡು ಬಂದು ಇದನ್ನ ಕೈಗಿಟ್ರು. 'ಇಷ್ಟು ದಿನ ನಾನು ನೋಡ್ಕೊಂಡೆ, ಇನ್ಮೇಲೆ ನೀವು ನೋಡ್ಕೊಳ್ಳಿ' ಅಂದ್ರು."

ಮೂಲೆಯಲ್ಲಿ ಕಪ್ಪು ತೊಳೆಯುತ್ತಿದ್ದ ಅಕ್ಕನ ಮಗಳು ನಲ್ಲಿ ನಿಲ್ಲಿಸಿ ಕೇಳುತ್ತಿದ್ದಳು.

"ಇದಕ್ಕೆ ಏನೋ ಬೆಲೆ ಇದೆ, ನನಗೆ ಬೇಡ ಅಂದೆ. 'ಬೇಕಾದಾಗ ನನ್ನ ತಮ್ಮನ ಹತ್ರ ಹೋಗಿ. ಬೆಲೆ ವಿಷಯದಲ್ಲಿ ಅವನು ಒಂದು ಮಾತು ಜಾಸ್ತಿ ಹೇಳಲ್ಲ, ಒಂದು ಮಾತು ಕಡಿಮೆ ಹೇಳಲ್ಲ' ಅಂದ್ರು." ಮುದುಕರು ಸಂಕೋಚದಿಂದ ಗಂಟಲು ಸರಿಮಾಡಿಕೊಂಡರು. "ಇವತ್ತು ಇದನ್ನ ಮಾತಾಡೋ ದಿನ ಅಲ್ಲ, ಗೊತ್ತು. ಆದ್ರೆ ನಿಮ್ಮ ಅಂಗಡಿ ಎಲ್ಲಿ ಅಂತ ಗೊತ್ತಿರಲಿಲ್ಲ. ನನ್ನ ಹೆಂಡತಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಆಪರೇಷನ್ನಿಗೆ ಆಗೋವಷ್ಟು ಬಂದ್ರೆ ಸಾಕು. ಒಂದು ಕಣ್ಣಿಗೆ ಆದ್ರೂ ಸಾಕು."

ಮೂರು ವರ್ಷದ ಹಿಂದೆ. ಹೊಲಿಗೆಯವಳ ಸಂಗತಿ ನಡೆದದ್ದು ಆರು ವರ್ಷದ ಹಿಂದೆ. ಎಲ್ಲ ತಿಳಿದ ಮೇಲೆಯೇ ಅಕ್ಕ ಆ ಮಾತು ಹೇಳಿದ್ದಳು.

ತಮ್ಮ ಕಾರ್ಡನ್ನು ಕೈಗೆ ತೆಗೆದುಕೊಂಡ. ಕೈಗವಸು ಅಂಗಡಿಯಲ್ಲಿತ್ತು. ಮೂಲೆ ಮಡಚಿದೆ, ಅಂಚು ಸವೆದಿದೆ, ಈಗ ಇದನ್ನೆಲ್ಲ ಯಾರೂ ಕೇಳಲ್ಲ: ಮೂವತ್ತು ವರ್ಷ ಆಡಿ ಆಡಿ ನುಣುಪಾದ ಮಾತುಗಳು ನಾಲಗೆಯ ತುದಿಗೆ ತಾವಾಗಿಯೇ ಬಂದು ಸಾಲು ನಿಂತವು. ಎರಡು ಕಣ್ಣಿನ ಆಪರೇಷನ್ನಿನ ಖರ್ಚು ಕೊಟ್ಟರೆ ಈ ಮನುಷ್ಯ ಕೈಮುಗಿದು ಹೋಗುತ್ತಾರೆ. ಗಿರಾಕಿ ಇನ್ನು ಅರ್ಧ ಗಂಟೆಯಲ್ಲಿ ಬರುತ್ತಾನೆ. ಯಾರಿಗೂ ಗೊತ್ತಾಗುವುದಿಲ್ಲ.

ಅವನು ಕಾರ್ಡನ್ನು ತಿರುವಿದ. ಹಿಂದೆ ಅಕ್ಕನ ಪೆನ್ಸಿಲ್ಲು, ಇಪ್ಪತ್ತು ದಾಟದ ಹುಡುಗಿಯ ದುಂಡು ಅಕ್ಷರ: "ಮೂಲೆಯಂಗಡಿ. ಮೊದಲ ಸಂಬಳ. ಪ್ಯಾಕೆಟ್ಟು ಹರಿದವನು ತಮ್ಮ. ಗೋಲ್‌ಕೀಪರ್ ಸಿಕ್ಕಿದ ಅಂತ ಬೀದಿಯೆಲ್ಲ ಕುಣಿದ."

ಅದರ ಕೆಳಗೆ, ನಡುಗುವ ಕೈಯಲ್ಲಿ: "ಇವತ್ತು ಅವರಿಗೇ ಕೊಟ್ಟೆ. ಖುಷಿಯಾಯಿತು."

ತಾನು ಕುಣಿದದ್ದು ಅವನಿಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿ ಹುಡುಕಿದ. ಹತ್ತು ವರ್ಷದ ಒಬ್ಬ ಹುಡುಗ, ಒಂದು ಬೀದಿ, ಹರಿದ ಕಾಗದ. ಏನೂ ಬರಲಿಲ್ಲ. ಅವನ ಪರವಾಗಿ ಅದನ್ನು ಅವಳು ನೆನಪಿಟ್ಟುಕೊಂಡಿದ್ದಳು, ಅಷ್ಟೆ.

"ಕೂತ್ಕೊಳ್ಳಿ," ಎಂದ ಅವನು.

"ಪರವಾಗಿಲ್ಲ, ನಿಂತೇ—"

"ಕೂತ್ಕೊಳ್ಳಿ. ನಿಂತು ಕೇಳೋ ಬೆಲೆ ಅಲ್ಲ ಇದು."

ಅವರು ಕೂತ ಮೇಲೆ ಬೆಲೆ ಹೇಳಿದ. ಗಿರಾಕಿ ಕೊಡಲು ಒಪ್ಪಿದ್ದ ಅಷ್ಟೂ ಹೇಳಿದ. ಮುದುಕರು ಅವನ ಮುಖವನ್ನೇ ನೋಡಿದರು.

"ತಮಾಷೆ ಮಾಡ್ತಿದ್ದೀರಿ."

"ಸಾವಿನ ಮನೇಲಿ ಯಾರು ತಮಾಷೆ ಮಾಡ್ತಾರೆ? ನನಗೆ ಇದರಲ್ಲಿ ಒಂದು ಕಾಸೂ ಬೇಡ. ಕೊಳ್ಳೋರು ಇವತ್ತೇ ಬರ್ತಿದ್ದಾರೆ."

"ಅವರು ಇದನ್ನ ಏನ್ ಮಾಡ್ತಾರೆ?"

"ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಲಾಕರಿನಲ್ಲಿ ಇಡ್ತಾರೆ."

"ಯಾರೂ ನೋಡಲ್ವಾ?"

"ಇಲ್ಲ."

ಮುದುಕರು ಅವನ ಕೈಯಲ್ಲಿದ್ದ ಕಾರ್ಡನ್ನು ಒಮ್ಮೆ ಬೆರಳಿನಿಂದ ಸವರಿದರು. "ಆಗ್ಲಿ," ಎಂದರು ಕೊನೆಗೆ. "ನಾನಂತೂ ಮೂರು ವರ್ಷ ಕಣ್ತುಂಬಾ ನೋಡಿದ್ದೀನಿ. ಅವಳದೇ ಒಂದು ಚಿಂತೆ. ಇದು ಮನೆಗೆ ಬರೋ ಹೊತ್ತಿಗಾಗ್ಲೇ ಅವಳಿಗೆ ಮಂಜು ಮಂಜು. ನಮ್ಮ ಮದುವೆ ಆಗಿದ್ದು ಕಾಲು ಮುರಿದ ಮೇಲೆ. ನಾನು ಆಡ್ತಿದ್ದಾಗ ಹೇಗಿದ್ದೆ ಅಂತ ಅವಳು ಕಂಡೇ ಇಲ್ಲ. ಇರಲಿ, ಕಣ್ಣು ಬಂದ್ರೆ ಸಾಕು."

ತಮ್ಮ ಫೋನು ತೆಗೆದ. ಗಿರಾಕಿ ಆಗಲೇ ದಾರಿಯಲ್ಲಿದ್ದ.

"ಅಂಚು ಹೇಗಿದೆ?" ಎಂದು ಕೇಳಿದ ಆತ.

"ಸವೆದಿದೆ. ಹಿಂದೆ ಪೆನ್ಸಿಲ್ಲಿನಲ್ಲಿ ಬರೆದೂ ಇದೆ."

"ಹಾಗಾದ್ರೆ ಬೆಲೆ—"

"ಹೇಳಿದಷ್ಟೇ. ಆಟಗಾರನ ಕೈಯಿಂದಲೇ ಬರೋ ನಲವತ್ತೇಳು ನಿಮಗೆ ಇನ್ನೆಲ್ಲೂ ಸಿಗಲ್ಲ. ಬೇಕಿದ್ರೆ ತಗೊಳ್ಳಿ. ಆದ್ರೆ ಇವತ್ತು ಬರ್ಬೇಡಿ. ಎರಡು ತಿಂಗಳು ಬಿಟ್ಟು ಬನ್ನಿ."

"ಯಾಕ್ರೀ?"

"ಒಬ್ರು ನೋಡೋದು ಬಾಕಿ ಇದೆ."

ಫೋನಿಟ್ಟು ಮುದುಕರ ಕಡೆ ತಿರುಗಿದ. "ಆಪರೇಷನ್ನಿಗೆ ಈಗ ನಾನು ಕೊಡ್ತೀನಿ. ಅವರು ನೋಡ್ಲಿ. ಆಮೇಲೂ ಮಾರ್ಬೇಕು ಅನ್ಸಿದ್ರೆ ಮಾರೋಣ." ಅಷ್ಟು ಹೇಳಿ, ಅಕ್ಕನ ಮಗಳ ಕಡೆ ನೋಡದೆ ಕೇಳಿದ, "ಆ ಹೊಲಿಗೆ ಮಾಡೋ ಹೆಂಗಸು ಎಲ್ಲಿರೋದು?"

"ಮನೆ ನಾನು ತೋರಿಸ್ತೀನಿ ಮಾಮ," ಎಂದಳು ಅವಳು. "ನಾಳೆ ಬೆಳಿಗ್ಗೆ ಹೋಗೋಣ."

ತಮ್ಮ ಮುದುಕರ ಜೊತೆ ಮೆಟ್ಟಿಲಿಳಿದ. ಅವರ ಹೆಂಡತಿ ಕೆಳಗೆ ಅಂಗಳದ ಬೆಂಚಿನ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು. ಗಂಡನ ಕೋಲಿನ ಸದ್ದು ಕೇಳಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಮುದುಕರು ಕೂತು, ಆಕೆಯ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಹೆಂಡತಿ ಮೊದಲು ನಂಬಲಿಲ್ಲ, ಆಮೇಲೆ ಕೈ ಚಾಚಿದರು.

"ಎಲ್ಲಿ, ಕೊಡಿ ನೋಡೋಣ. ಅಷ್ಟು ಬೆಲೆ ಬಾಳೋ ಮುಖ ಯಾವುದೂಂತ."

ಕಾರ್ಡು ಅವರ ಕೈಗೆ ಬಂತು. ಅವರ ಹೆಬ್ಬೆರಳು ಅದರ ಮೇಲೆಲ್ಲ ಓಡಾಡಿತು. ಬೆವರಿದ ಬೆರಳಿನ ಗುರುತು ಹಳದಿ ಅಂಗಿಯ ಮೇಲೆ ಮೂಡಿದ್ದನ್ನು ತಮ್ಮ ಕಂಡ.

"ಮುಖ ಯಾವ ಕಡೆ?"

ತಮ್ಮ ಬೆಂಚಿನ ಮುಂದೆ ಮೊಣಕಾಲೂರಿ ಕೂತ. ಆಕೆಯ ತೋರುಬೆರಳನ್ನು ಮೆಲ್ಲಗೆ ಹಿಡಿದು, ಕಾರ್ಡಿನ ಮೇಲೆ ಜರುಗಿಸಿ ನಿಲ್ಲಿಸಿದ.

"ಇದು ಕೈ. ಇದು ತಲೆ. ಇಲ್ಲಿ ಕಿವಿ."

ಆಕೆ ಆ ಬೆರಳನ್ನು ಅಲ್ಲೇ ಇಟ್ಟುಕೊಂಡು, ಇನ್ನೊಂದು ಕೈಯನ್ನು ಗಾಳಿಯಲ್ಲಿ ಮೇಲಕ್ಕೆತ್ತಿ, ಪಕ್ಕದಲ್ಲಿ ಕೂತ ಗಂಡನ ಎಡಗಿವಿಯನ್ನು ಹುಡುಕಿ ಹಿಡಿದುಕೊಂಡರು.